ಮಿಕ್ಸಿ ಹಾಕಿದರೆ ಒಲೆ ಆರುತ್ತದೆ: ತಿಂಡಿ ಗಾಡಿಯ ಗ್ಯಾಸ್ ವಾಲ್ವ್‌ನ ವಿದ್ಯುತ್ ದೋಷ

ಪ್ರಶ್ನೆ: "ನಾನು ಮತ್ತು ನನ್ನ ಹೆಂಡತಿ ಎರಡು ವರ್ಷಗಳಿಂದ ಜಯನಗರದ ಕಡೆ ಮಿನಿ ಟ್ರಕ್ಕಿನಲ್ಲಿ ದೋಸೆ, ಅಕ್ಕಿರೊಟ್ಟಿ ಮಾಡಿ ಮಾರುತ್ತಿದ್ದೇವೆ. ಗಾಡಿಯ ಹಿಂದಿನ ಗೂಡಿನಲ್ಲಿ 19 ಕೆ.ಜಿ. ಸಿಲಿಂಡರ್ ಇದೆ. ಬಾಡಿ ಕಟ್ಟಿದವರು ರೆಗ್ಯುಲೇಟರ್ ಆದಮೇಲೆ 12 ವೋಲ್ಟಿನ ಸೊಲೆನಾಯ್ಡ್ ವಾಲ್ವ್ ಹಾಕಿ, ಒಳಗೆ ನೆಲದ ಹತ್ತಿರ ಗ್ಯಾಸ್ ಡಿಟೆಕ್ಟರ್ ಕೂರಿಸಿದ್ದಾರೆ. ಡಿಟೆಕ್ಟರ್ ಕೂಗಿದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಎರಡು ತಿಂಗಳಿಂದ ಸಂಜೆ ವ್ಯಾಪಾರ ಜೋರಾಗಿರುವಾಗ ಎರಡೂ ಒಲೆಗಳು ಫಕ್ಕನೆ ಆರುತ್ತಿವೆ, ಹೆಚ್ಚಾಗಿ ಚಟ್ನಿಗೆ ಮಿಕ್ಸಿ ಹಾಕಿದಾಗ. ಡಿಟೆಕ್ಟರಿನ ಹಸಿರು ದೀಪ ಒಂದು ನಿಮಿಷ ಮಿಣುಕಿ, ಆಮೇಲೆ ಗ್ಯಾಸ್ ತಾನಾಗಿಯೇ ಬರುತ್ತದೆ. ಬೆಳಗ್ಗೆ ಈ ತೊಂದರೆ ಇಲ್ಲ. ವಾಲ್ವ್ ಮುಟ್ಟಿದರೆ ಕೈ ಸುಡುತ್ತದೆ. ಮಳೆ ಬಂದು ಶಟರ್ ಅರ್ಧ ಇಳಿಸಿದ ದಿನ ವಾಸನೆ ಇಲ್ಲದಿದ್ದರೂ ಡಿಟೆಕ್ಟರ್ ಕೂಗುತ್ತದೆ. ಮೇ ತಿಂಗಳಲ್ಲಿ ಛಾವಣಿ ಸೋರುತ್ತಿದೆ ಎಂದು ಸಿಲಿಕೋನ್ ಹಚ್ಚಿಸಿದ್ದೆವು. ಮೆಕ್ಯಾನಿಕ್ 'ವಾಲ್ವ್ ಹೋಗಿದೆ, ಡೈರೆಕ್ಟ್ ಮಾಡಿಬಿಡಿ' ಎನ್ನುತ್ತಾರೆ. ಪರಿಚಯದವರೊಬ್ಬರು ದೊಡ್ಡ ಫ್ಯೂಸ್ ಹಾಕಿ ಎನ್ನುತ್ತಾರೆ. ಗ್ಯಾಸ್ ಹರಿಯುವ ಕಡೆ ಕರೆಂಟ್ ಇರುವುದೇ ಅಪಾಯವೆಂದು ಮನೆಯವರಿಗೆ ಭಯ. ರಿಪೇರಿ ಆಗುವ ತನಕ ಗಾಡಿ ನಿಲ್ಲಿಸಬೇಕೇ?" (ಬನಶಂಕರಿಯ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಒಲೆ ಏಕೆ ಆರುತ್ತದೆ, ಡಿಟೆಕ್ಟರ್ ಏಕೆ ಕೂಗುತ್ತದೆ, ಈ ಎರಡನ್ನೂ ಕಿತ್ತುಹಾಕಿದರೆ ಆಗದೇ ಎಂಬುದು. ಆದರೆ ನಾನು ಎರಡು ಸಲ ಓದಿದ್ದು ನೀವು ಚಿಂತೆಯೆಂದು ಬರೆಯದೇ ಇದ್ದ ಒಂದು ವಾಕ್ಯವನ್ನು: "ಆಮೇಲೆ ಗ್ಯಾಸ್ ತಾನಾಗಿಯೇ ಬರುತ್ತದೆ." ಒಲೆ ಆರಿದೆ, ನಾಬ್ ತೆರೆದೇ ಇದೆ, ಮುಂದೆ ನಾಲ್ಕು ಜನ ಗಿರಾಕಿಗಳು ನಿಂತಿದ್ದಾರೆ, ಒಂದು ನಿಮಿಷದ ಮೇಲೆ ವಾಲ್ವ್ ಟಕ್ ಎಂದು ತೆರೆದು ಉರಿಯಿಲ್ಲದ ಬರ್ನರಿನಿಂದ ಗ್ಯಾಸ್ ಹೊರಬರುತ್ತಿದೆ. ನೀವು ಹೇಳಿದ ದೋಷಗಳಲ್ಲಿ ನಿಜವಾಗಿ ಅವಘಡ ತರಬಲ್ಲದ್ದು ಇದೇ. ಆದ್ದರಿಂದ ಕಾರಣ ಹುಡುಕುವ ಮೊದಲೇ ಒಂದು ಅಭ್ಯಾಸ ಇಂದಿನಿಂದಲೇ ಬರಲಿ: ಒಲೆ ಆರಿದ ತಕ್ಷಣ, ಕಾವಲಿಯ ಮೇಲೆ ದೋಸೆ ಇದ್ದರೂ ಸರಿ, ಮೊದಲು ಎರಡೂ ನಾಬ್ ಮುಚ್ಚಬೇಕು. ಮುಂದೆ ಬರ್ನರ್ ಬದಲಿಸುವಾಗ ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಥರ್ಮೊಕಪಲ್ ಇರುವುದನ್ನು ಕೇಳಿ ಕೊಳ್ಳಿ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಉರಿಯ ಬಿಸಿಯಿಂದಲೇ ಕೆಲಸ ಮಾಡುತ್ತದೆ.

ಈಗ ಕಾರಣಕ್ಕೆ ಬರುತ್ತೇನೆ. ಉರಿ ನಿಧಾನವಾಗಿ ಕುಗ್ಗಿ ಹಳದಿಯಾಗಿ ಆರಿದ್ದರೆ ಸಿಲಿಂಡರ್ ತಣ್ಣಗಾಗಿದೆ, ರೆಗ್ಯುಲೇಟರ್ ಕಟ್ಟಿಕೊಂಡಿದೆ ಎಂದೆಲ್ಲ ಯೋಚಿಸಬೇಕಿತ್ತು. ಎರಡೂ ಒಲೆ ಒಟ್ಟಿಗೆ, ಫಕ್ಕನೆ ಆರುತ್ತವೆ ಎಂದಿದ್ದೀರಿ. ಅಂದರೆ ವಾಲ್ವ್ ಮುಚ್ಚಿದೆ. ಈ ವಾಲ್ವ್ ಸಾಮಾನ್ಯವಾಗಿ ಮುಚ್ಚಿಯೇ ಇರುವ ಜಾತಿಯದು. ಒಳಗಿನ ಸ್ಪ್ರಿಂಗ್ ಅದನ್ನು ಮುಚ್ಚಿ ಹಿಡಿದಿರುತ್ತದೆ, ಕಾಯಿಲ್‌ಗೆ (ಸುತ್ತಿದ ತಾಮ್ರದ ತಂತಿಗೆ) ಕರೆಂಟ್ ಬಂದಾಗ ಮಾತ್ರ ಒಳಗಿನ ಕಬ್ಬಿಣದ ತುಂಡು ಮೇಲೆದ್ದು ದಾರಿ ಬಿಡುತ್ತದೆ, ಕರೆಂಟ್ ಹೋದರೆ ಸ್ಪ್ರಿಂಗ್ ಮತ್ತೆ ಒತ್ತಿಬಿಡುತ್ತದೆ. ತಂತಿ ತುಂಡಾದರೂ ಫ್ಯೂಸ್ ಹೋದರೂ ಬ್ಯಾಟರಿ ಸತ್ತರೂ ಗ್ಯಾಸ್ ನಿಲ್ಲಲಿ ಎಂದೇ ಹೀಗೆ ಮಾಡಿದ್ದು.

ಹಾಗಾದರೆ ವಾಲ್ವ್ ತಾನೇ ಕೈಬಿಟ್ಟಿತೋ, ಅದಕ್ಕೆ ಕರೆಂಟ್ ಕೊಡುವುದನ್ನು ಡಿಟೆಕ್ಟರ್ ನಿಲ್ಲಿಸಿತೋ? ಉತ್ತರ ನೀವು ಬರೆದ ಹಸಿರು ದೀಪದಲ್ಲಿದೆ. ಡಿಟೆಕ್ಟರಿನ ಸಂವೇದಕದೊಳಗೆ ಪುಟ್ಟ ಹೀಟರ್ ಇರುತ್ತದೆ. ಕರೆಂಟ್ ಹೊಸದಾಗಿ ಬಂದಾಗಲೆಲ್ಲ ಅದು ಬಿಸಿಯಾಗುವ ತನಕ ಡಿಟೆಕ್ಟರ್ ದೀಪ ಮಿಣುಕಿಸುತ್ತ ವಾಲ್ವ್ ತೆರೆಯದೆ ಕಾಯುತ್ತದೆ. ವಾಲ್ವ್ ಮಾತ್ರ ಬಿದ್ದಿದ್ದರೆ ಮರುಕ್ಷಣವೇ ಎದ್ದುಬಿಡುತ್ತಿತ್ತು, ಒಂದು ನಿಮಿಷ ಕಾಯುವ ಪ್ರಮೇಯವೇ ಇರಲಿಲ್ಲ. ನಿಮ್ಮದರಲ್ಲಿ ದೀಪ ಮಿಣುಕುತ್ತದೆಂದರೆ ಡಿಟೆಕ್ಟರೇ ಒಮ್ಮೆ ಸತ್ತು ಮತ್ತೆ ಎದ್ದಿದೆ. ಅದಕ್ಕೆ ಬರುವ ವೋಲ್ಟೇಜ್ ಕ್ಷಣಮಾತ್ರಕ್ಕೆ ಅದರ ಮಿತಿಗಿಂತ ಕೆಳಗೆ ಕುಸಿದಿದೆ. ಹೀಗಾಗಿ ವಾಲ್ವ್ ಹೋಗಿದೆ ಎಂಬ ಮೆಕ್ಯಾನಿಕ್ ಮಾತನ್ನು ನಾನು ಒಪ್ಪುವುದಿಲ್ಲ. ಹೊಸ ವಾಲ್ವ್ ಹಾಕಿಸಿಕೊಂಡಿದ್ದರೆ ದುಡ್ಡು ಹೋಗುತ್ತಿತ್ತು, ಒಲೆ ಮರುದಿನವೂ ಆರುತ್ತಿತ್ತು.

ಕುಸಿತ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಸ್ವಲ್ಪ ಲೆಕ್ಕ ನೋಡೋಣ. ನಿಮ್ಮ ಮಿಕ್ಸಿ 750 ವ್ಯಾಟಿನದು ಎಂದಿಟ್ಟುಕೊಳ್ಳಿ. ಇನ್ವರ್ಟರಿನಲ್ಲಿ ಕಳೆದುಹೋಗುವುದನ್ನೂ ಸೇರಿಸಿದರೆ ಪೂರ್ತಿ ಭಾರದಲ್ಲಿ ಅದು 12 ವೋಲ್ಟಿನ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ವಾಲ್ವ್ ಮತ್ತು ಡಿಟೆಕ್ಟರ್ ಎರಡೂ ಸೇರಿ ಎಳೆಯುವುದು ಒಂದೂಕಾಲು ಆಂಪಿಯರ್ ಇದ್ದೀತು. ಈ ಆನೆ ಮತ್ತು ಇರುವೆಯನ್ನು ಬಾಡಿ ಕಟ್ಟುವವರು ಅನೇಕ ಗಾಡಿಗಳಲ್ಲಿ ಒಂದೇ ಅರ್ತ್ ಬೋಲ್ಟಿಗೆ, ಅಂದರೆ ಕರೆಂಟ್ ಗಾಡಿಯ ಲೋಹದ ಚೌಕಟ್ಟಾದ ಚಾಸಿಯ ಮೂಲಕ ಬ್ಯಾಟರಿಗೆ ಮರಳುವ ಬೋಲ್ಟಿಗೆ, ಕಟ್ಟಿಬಿಡುತ್ತಾರೆ. ಆ ಬೋಲ್ಟಿನ ಕೆಳಗೆ ತುಕ್ಕು ಹಿಡಿದು ಬರೀ 0.05 ಓಮ್ ತಡೆ ಹುಟ್ಟಿದರೂ ಸಾಕು, 70 ಆಂಪಿಯರಿಗೆ ಮೂರೂವರೆ ವೋಲ್ಟ್ ಅಲ್ಲೇ ನುಂಗಿಹೋಗುತ್ತದೆ. ರಾತ್ರಿಯೆಲ್ಲ ಚಾರ್ಜ್ ಆದ ಬ್ಯಾಟರಿ ಬೆಳಗ್ಗೆ 12.6 ವೋಲ್ಟ್ ತೋರಿಸುತ್ತದೆ, ಅದರಲ್ಲಿ ಮೂರೂವರೆ ಕಳೆದರೆ 9 ಉಳಿಯುತ್ತದೆ, ಡಿಟೆಕ್ಟರ್ ಹೇಗೋ ಉಸಿರು ಹಿಡಿದುಕೊಂಡಿರುತ್ತದೆ. ಸಂಜೆಗೆ ಫ್ಯಾನು, ದೀಪಗಳೆಲ್ಲ ಉಂಡು ಬ್ಯಾಟರಿ 11.5ಕ್ಕೆ ಇಳಿದಿದ್ದರೆ ಉಳಿಯುವುದು 8. ಬೆಳಗ್ಗೆ ಇಲ್ಲದ ತೊಂದರೆ ಸಂಜೆ ಬರುವುದಕ್ಕೆ ಈ ಒಂದು ವೋಲ್ಟಿನ ವ್ಯತ್ಯಾಸ ಸಾಕು.

ಇದನ್ನು ನಂಬಿಕೆಯ ಮೇಲೆ ಬಿಡಬೇಡಿ, ಅಳೆದು ನೋಡಿ. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್ ಸಾಕು. ಸಿಲಿಂಡರನ್ನು ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರನ್ನು ಗಾಡಿಯಿಂದ ದೂರ ತೆರೆದ ಜಾಗದಲ್ಲಿಟ್ಟು, ಬಾಗಿಲು ಶಟರ್ ಎಲ್ಲವನ್ನೂ ಹದಿನೈದು ನಿಮಿಷ ತೆರೆದಿಟ್ಟು ಆಮೇಲೆ ಶುರುಮಾಡಿ. ಬ್ಯಾಟರಿಯ ಋಣ ತುದಿಗೆ ಒಂದು ಕಡ್ಡಿ, ಡಿಟೆಕ್ಟರಿನ ಋಣ ತಂತಿ ಸೇರುವ ಕಡೆ ಇನ್ನೊಂದು ಕಡ್ಡಿ ಹಿಡಿದು ಮನೆಯವರಿಗೆ ಮಿಕ್ಸಿ ಹಾಕಲು ಹೇಳಿ. ಜಾರಿನಲ್ಲಿ ನಿಜವಾಗಿ ಚಟ್ನಿಯ ಸಾಮಾನು ಇರಲಿ. ಖಾಲಿ ಮಿಕ್ಸಿ ಅಷ್ಟು ಕರೆಂಟ್ ಎಳೆಯುವುದಿಲ್ಲ. ಈ ಎರಡು ಜಾಗಗಳ ನಡುವೆ ಇರುವುದು ತಂತಿ ಮಾತ್ರ, ಹಾಗಾಗಿ ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. 0.4ರ ಒಳಗಿದ್ದರೆ ಚಿಂತೆಯಿಲ್ಲ. ಎರಡು ಮೂರು ವೋಲ್ಟ್ ಜಿಗಿದರೆ ಕಳ್ಳ ಸಿಕ್ಕಿದ. ಧನ ತಂತಿಯ ಮೇಲೂ ಇದೇ ಪರೀಕ್ಷೆ ಮಾಡಿ. ಅಗ್ಗದ ಮೀಟರ್ ತೀರ ಚಿಕ್ಕ ಕುಸಿತವನ್ನು ಹಿಡಿಯುವಷ್ಟು ಚುರುಕಾಗಿರುವುದಿಲ್ಲ. ಆಗ ನಾನು ಮಾಡುವ ಉಪಾಯವೆಂದರೆ ಸ್ಕೂಟರಿನ ಇಂಡಿಕೇಟರ್ ಬಲ್ಬ್ ಒಂದನ್ನು ಡಿಟೆಕ್ಟರಿಗೆ ಬರುವ ಎರಡು ತಂತಿಗಳಿಗೆ ತಾತ್ಕಾಲಿಕವಾಗಿ ಜೋಡಿಸಿ ಮಿಕ್ಸಿ ಹಾಕುವುದು. ಬಲ್ಬ್ ಕಣ್ಣು ಮುಚ್ಚಿ ತೆರೆದಂತೆ ಮಂಕಾದರೆ ಮತ್ತೆ ಯಾವ ಸಾಕ್ಷಿಯೂ ಬೇಕಿಲ್ಲ.

ಹೋದ ವರ್ಷ ಇಂಥದೇ ಒಂದು ಗಾಡಿ ನನ್ನ ಬಳಿ ಬಂದಿತ್ತು. ಮಾಲೀಕರು ಆಗಲೇ ಎರಡು ವಾಲ್ವ್ ಬದಲಿಸಿದ್ದರು. ಅರ್ತ್ ಬೋಲ್ಟ್ ಪಾತ್ರೆ ತೊಳೆಯುವ ಸಿಂಕಿನ ಕೆಳಗಿತ್ತು, ಮೇಲಿನಿಂದ ನೋಡಿದರೆ ಹೊಳೆಯುತ್ತಿತ್ತು, ಸ್ಪ್ಯಾನರಿಗೆ ಬಿಗಿಯಾಗಿಯೂ ಇತ್ತು. ಬಿಚ್ಚಿದಾಗ ಲಗ್‌ನ (ತಂತಿಯ ತುದಿಯ ಲೋಹದ ಬಳೆಯ) ಅಡಿಯಲ್ಲಿ ಹಸಿರು ಪುಡಿ, ಅದರ ಕೆಳಗೆ ಚಾಸಿಯ ಬಣ್ಣ ಹಾಗೆಯೇ ಉಳಿದಿತ್ತು. ಬಣ್ಣ ಕೆರೆಯದೆ ಬೋಲ್ಟ್ ಬಿಗಿದಿದ್ದರು. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಒಂದು ಗೇಣು ಸೀಳಿದರೆ ಒಳಗಿನ ತಾಮ್ರದ ಎಳೆಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಬೆಂಗಳೂರಿಗೆ ಸಮುದ್ರವಿಲ್ಲ, ನಿಜ. ಆದರೆ ದಿನವಿಡೀ ಏಳುವ ಆವಿ, ನೆಲ ತೊಳೆದ ನೀರು, ಅದರಲ್ಲಿ ಕರಗಿದ ಉಪ್ಪು, ಹುಳಿ ಹಿಟ್ಟು ಸೇರಿ ತಿಂಡಿ ಗಾಡಿಯ ಒಳಗೊಂದು ಕರಾವಳಿಯನ್ನೇ ನಿರ್ಮಿಸಿಬಿಡುತ್ತವೆ.

ಕರಾವಳಿಯ ಮಾತು ಸುಮ್ಮನೆ ತೆಗೆದದ್ದಲ್ಲ. ನಿಮ್ಮ ಗಾಡಿಯಲ್ಲಿರುವ ಈ ಇಡೀ ಏರ್ಪಾಡು ಹಾಯಿದೋಣಿಗಳ ಅಡುಗೆಮನೆಗಳಲ್ಲಿ ಬಹಳ ಕಾಲದಿಂದ ರೂಢಿಯಲ್ಲಿರುವಂಥದು. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು. ದೋಣಿಯ ಒಡಲು ಬೋಗುಣಿಯಂತಿರುವುದರಿಂದ ಸೋರಿದ ಗ್ಯಾಸ್ ತಳದಲ್ಲಿ ನೀರಿನ ಹಾಗೆ ನಿಂತುಬಿಡುತ್ತದೆ. ಅದಕ್ಕೇ ಅಲ್ಲಿ ಸಿಲಿಂಡರನ್ನು ಬೇರೆ ಗೂಡಿನಲ್ಲಿಟ್ಟು, ಗೂಡಿನ ತಳದಿಂದ ಹೊರಕ್ಕೆ ಕೊಳವೆ ಬಿಟ್ಟು, ಒಲೆಯ ಪಕ್ಕದ ಸ್ವಿಚ್ಚಿನಿಂದ ವಾಲ್ವ್ ಮುಚ್ಚುವಂತೆ ಮಾಡುತ್ತಾರೆ. ಅವರ ತಂತಿಗಳಿಗೆ ತವರದ ಲೇಪವಿರುತ್ತದೆ, ಮುಖ್ಯ ಸರ್ಕ್ಯೂಟುಗಳಲ್ಲಿ ವೋಲ್ಟೇಜ್ ಕುಸಿತ ಶೇಕಡಾ 3ನ್ನು ಮೀರಬಾರದೆಂಬ ಕಟ್ಟುನಿಟ್ಟು ಇರುತ್ತದೆ. ಮೇಲೆ ನಾನು ಹೇಳಿದ 0.4 ವೋಲ್ಟಿನ ಗೆರೆ ಹೆಚ್ಚುಕಡಿಮೆ ಅದೇ. ನಮ್ಮಲ್ಲಿ ಏರ್ಪಾಡು ಬಂತು, ಕಟ್ಟುನಿಟ್ಟು ಬರಲಿಲ್ಲ. ನಿಮ್ಮ ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತುಗಳಿವೆಯೇ, ಗೂಡಿನಿಂದ ಅಡುಗೆ ಜಾಗಕ್ಕೆ ಸಂದು ಇಲ್ಲವಷ್ಟೇ ಎಂಬುದನ್ನು ದಯವಿಟ್ಟು ಒಮ್ಮೆ ಬಗ್ಗಿ ನೋಡಿ.

ಮನೆಯವರ ಭಯದ ಬಗ್ಗೆ ಎರಡು ಮಾತು. ಕಾಯಿಲ್ ಗ್ಯಾಸಿನೊಳಗೆ ಮುಳುಗಿರುವುದಿಲ್ಲ. ಅದು ಮುಚ್ಚಿದ ಲೋಹದ ಕೊಳವೆಯ ಹೊರಗೆ ಸುತ್ತಿಕೊಂಡಿರುತ್ತದೆ, ಅಯಸ್ಕಾಂತದ ಸೆಳೆತ ಮಾತ್ರ ಒಳಗೆ ಹೋಗುತ್ತದೆ. ಕೊಳವೆಯೊಳಗೆ ಗಾಳಿಯೇ ಇಲ್ಲದ ಕಾರಣ ಅಲ್ಲಿನ ಗ್ಯಾಸ್ ಉರಿಯಲಾರದು. ಭಯಪಡಬೇಕಾದ್ದು ಗೂಡಿನೊಳಗಿನ ಸಡಿಲ ಜೋಡಣೆಗೆ. ಕಾಯಿಲ್‌ಗೆ ಹೋಗುವ ಕರೆಂಟ್ ತಟ್ಟನೆ ಕಡಿದಾಗ, ಕಡಿದ ಜಾಗದಲ್ಲಿ ಕಿಡಿ ಹಾರುತ್ತದೆ. ಆ ಜಾಗ ಸ್ವಿಚ್ಚಿನೊಳಗೆ, ಗೂಡಿನಿಂದ ದೂರದಲ್ಲಿ ಇರಬೇಕೇ ಹೊರತು ಸಿಲಿಂಡರ್ ಪಕ್ಕದಲ್ಲಿ ಟೇಪ್ ಸುತ್ತಿದ ತಿರುಚು ಜೋಡಣೆಯಲ್ಲಿ ಇರಬಾರದು. ಹಾಗೆಯೇ ಕೆಲವರು ವಾಲ್ವ್ ಸರಿಯಿದೆಯೇ ನೋಡಲು ಬ್ಯಾಟರಿ ತಂದು ಅಲ್ಲೇ ತಂತಿ ತಾಗಿಸುತ್ತಾರೆ. ಸಿಲಿಂಡರ್ ಗೂಡಿನಲ್ಲಿರುವಾಗ ಅದನ್ನು ಖಂಡಿತ ಮಾಡಬೇಡಿ.

ವಾಲ್ವ್ ಕೈಸುಡುವುದು ಬಹುಮಟ್ಟಿಗೆ ಸಹಜ. 12 ವ್ಯಾಟಿನ ಕಾಯಿಲ್ ಗಂಟೆಗಟ್ಟಲೆ ಕರೆಂಟಿನಲ್ಲಿದ್ದರೆ ಮುಟ್ಟಿ ಹಿಡಿದಿರಲಾಗದಷ್ಟು ಬಿಸಿಯಾಗುತ್ತದೆ, ಅದಕ್ಕೆ ತಕ್ಕಂತೆಯೇ ಅದನ್ನು ಮಾಡಿರುತ್ತಾರೆ. ಆದರೆ ಬಿಸಿಯಾದ ತಾಮ್ರದ ತಡೆ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುತ್ತದೆ, 50 ಡಿಗ್ರಿ ಏರಿದರೆ ತಡೆ ಐದರಲ್ಲೊಂದು ಪಾಲು ಹೆಚ್ಚಿ, ವಾಲ್ವ್‌ನ ಎತ್ತುವ ಶಕ್ತಿ ಅಷ್ಟರಮಟ್ಟಿಗೆ ಸೋಲುತ್ತದೆ. ಸಂಜೆ ಬ್ಯಾಟರಿಯೂ ಸೋತಿರುವಾಗ ಇದೂ ಒಂದು ಕೈ ಸೇರಿಸುತ್ತದೆ. ಕಾಯಿಲ್ ನಿಜಕ್ಕೂ ಕೆಟ್ಟಿದೆಯೇ ತಿಳಿಯಲು ತಂತಿ ಬಿಚ್ಚಿ ಅದರ ಓಮ್ ಅಳೆಯಿರಿ. ತಣ್ಣಗಿರುವಾಗ 12 ವೋಲ್ಟಿನ 12 ವ್ಯಾಟ್ ಕಾಯಿಲ್ ಸುಮಾರು 12 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ, ಎರಡು ಮೂರು ತೋರಿಸಿದರೆ ಒಳಗೆ ಸುತ್ತುಗಳು ಕೂಡಿಕೊಂಡಿವೆ. ಸುಟ್ಟ ವಾರ್ನಿಷ್ ವಾಸನೆ, ಕರಗಿದ ಪ್ಲಾಸ್ಟಿಕ್ ಕಂಡರೆ ಅಳೆಯುತ್ತ ಕೂರದೆ ಬದಲಿಸಿ. ಬದಲಿಸುವಾಗ ಮೈಮೇಲೆ ಎಲ್‌ಪಿಜಿ ಎಂದು ಬರೆದಿರುವ, ನಿಮ್ಮ ರೆಗ್ಯುಲೇಟರಿನ ಒತ್ತಡಕ್ಕೆ ಹೊಂದುವ ವಾಲ್ವನ್ನೇ ಕೇಳಿ. ನೀರಿಗೆಂದು ಮಾಡಿದ ವಾಲ್ವ್‌ನ ರಬ್ಬರ್ ಎಲ್‌ಪಿಜಿಯಲ್ಲಿ ಉಬ್ಬಿ ಹಾಳಾಗಬಹುದು.

ಮಳೆ ದಿನದ ಕೂಗನ್ನು ಮಾತ್ರ ನಾನು ಸುಲಭವಾಗಿ ಸುಳ್ಳು ಅಲಾರಂ ಎನ್ನಲಾರೆ. ಈ ಸಂವೇದಕಗಳಿಗೆ ಆವಿ, ಸ್ಯಾನಿಟೈಸರಿನ ಸ್ಪಿರಿಟ್, ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಇವೆಲ್ಲವೂ ಗ್ಯಾಸಿನಂತೆಯೇ ತೋರುತ್ತವೆ, ಅದು ನಿಜ. ಆದರೆ ಶಟರ್ ಇಳಿಸಿದಾಗ ಮಾತ್ರ ಕೂಗುತ್ತದೆ ಎಂದರೆ, ದಿನವೂ ಸೋರಿ ಗಾಳಿಗೆ ಹೋಗುತ್ತಿದ್ದ ಅಲ್ಪ ಗ್ಯಾಸ್ ಆ ದಿನ ಒಳಗೇ ನಿಂತಿತು ಎಂದೂ ಅರ್ಥವಾಗಬಹುದು. ವಾಸನೆ ಬರಲಿಲ್ಲ ಎಂಬುದು ಸಾಕ್ಷಿಯಲ್ಲ. ಒಗ್ಗರಣೆಯ ಹೊಗೆಯಲ್ಲಿ ಎರಡು ಗಂಟೆ ನಿಂತ ಮೂಗು ತಕ್ಕಡಿಯ ಮುರಿದ ಮುಳ್ಳಿನಂತೆ. ಬೇರ್ಪಡಿಸಿ ನೋಡುವ ದಾರಿ ಇದು: ಸಿಲಿಂಡರ್ ಮುಚ್ಚಿ, ಶಟರ್ ಅರ್ಧ ಇಳಿಸಿ, ಡಿಟೆಕ್ಟರ್ ಇರುವ ಮೂಲೆಯ ಹತ್ತಿರ ಒಂದು ಬಕೆಟ್ ಕುದಿನೀರಿಟ್ಟು ಕಾಲು ಗಂಟೆ ಕಾಯಿರಿ. ಕೂಗಿದರೆ ಆವಿಯ ಮೇಲೆ ಅನುಮಾನ, ಡಿಟೆಕ್ಟರನ್ನು ನೆಲದ ಮಟ್ಟದಲ್ಲೇ ಆದರೆ ಆವಿ ತಾಗದ ಮೂಲೆಗೆ ಸರಿಸಿ. ಕೂಗದಿದ್ದರೆ ಸೋರಿಕೆ ಇದೆಯೆಂದೇ ತಿಳಿದು, ನಾಬ್ ಮುಚ್ಚಿಟ್ಟೇ ಸಿಲಿಂಡರನ್ನೂ ವಾಲ್ವನ್ನೂ ತೆರೆದು, ರೆಗ್ಯುಲೇಟರ್, ಹೋಸಿನ ಎರಡೂ ತುದಿ, ವಾಲ್ವ್‌ನ ಎರಡೂ ಬದಿ, ಬರ್ನರ್ ನಾಬಿನ ಬುಡ ಎಲ್ಲಕ್ಕೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ನಾಬಿನ ಬುಡದಲ್ಲಿ ಗ್ರೀಸ್ ಒಣಗಿ ಸೋರುವುದು ನಾನು ಕಂಡಂತೆ ಬಹಳ. ಆವಿಗೆ ಕೂಗಿದರೂ ಈ ಸೋಪಿನ ಪರೀಕ್ಷೆ ಬಿಡಬೇಡಿ, ಎರಡು ದೋಷ ಒಟ್ಟಿಗಿರಬಾರದೆಂದೇನೂ ಇಲ್ಲ. ಗ್ಯಾಸ್ ಜೋರಾಗಿ ಸೋರುತ್ತಿದ್ದು ನಿಮ್ಮ ಕೈಮೀರಿದೆ ಅನ್ನಿಸಿದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಜನರನ್ನು ದೂರ ಕಳುಹಿಸಿ, ನೀವೂ ದೂರ ಸರಿದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ.

ಸಿಲಿಕೋನ್ ಹಚ್ಚಿಸಿದ ವಿಷಯ ಬರೆದದ್ದು ಒಳ್ಳೆಯದಾಯಿತು. ಸಿಲಿಕೋನ್ ಒಣಗುವಾಗ ಬಿಡುವ ಆವಿ ಈ ಸಂವೇದಕಗಳ ಮೇಲೆ ಪದರ ಕಟ್ಟಿ ಅವುಗಳ ಚುರುಕನ್ನು ಕೊಲ್ಲುತ್ತದೆ. ನಿಮ್ಮದು ಇನ್ನೂ ಕೂಗುತ್ತಿದೆ, ಪೂರ್ತಿ ಸತ್ತಿಲ್ಲ. ಆದರೂ ಎಷ್ಟು ಗ್ಯಾಸಿಗೆ ಕೂಗುತ್ತದೆ ಎಂಬುದರ ಮೇಲೆ ನನಗೆ ಭರವಸೆ ಇಲ್ಲ. ಮಾರಿದವರಿಂದ ಪರೀಕ್ಷಾ ಅನಿಲದಲ್ಲಿ ನೋಡಿಸಿ, ಅಥವಾ ಹೊಸದೇ ಹಾಕಿಸಿ. ಸಿಗರೇಟ್ ಲೈಟರಿನ ಗ್ಯಾಸನ್ನು ಅದರ ಮೂತಿಗೇ ಹಿಡಿದು ಪರೀಕ್ಷಿಸುವವರಿದ್ದಾರೆ. ಅಷ್ಟು ದಟ್ಟ ಗ್ಯಾಸಿಗೆ ಅರೆಸತ್ತ ಸಂವೇದಕವೂ ಕೂಗುತ್ತದೆ, ಒಳ್ಳೆಯದಿದ್ದರೆ ಅದಕ್ಕೂ ಹೊಡೆತ.

ಇನ್ನು ರಿಪೇರಿಯ ದಾರಿಗಳು. ಎಲ್ಲಕ್ಕಿಂತ ಅಗ್ಗದ್ದೂ ನಾನು ಮೊದಲು ಮಾಡಿಸುವಂಥದ್ದೂ ಎಂದರೆ ಡಿಟೆಕ್ಟರ್ ಮತ್ತು ವಾಲ್ವಿಗೆ ಚಾಸಿಯ ಹಂಗು ತಪ್ಪಿಸಿ ಬ್ಯಾಟರಿಯ ಎರಡೂ ತುದಿಗಳಿಂದ ನೇರವಾಗಿ ಬೇರೆ ಜೋಡಿ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ 3 ಆಂಪಿಯರ್ ಫ್ಯೂಸ್ ಹಾಕುವುದು. ನಾಲ್ಕು ಮೀಟರ್ ದೂರಕ್ಕೆ 1.5 ಚದರ ಮಿ.ಮೀ. ತಾಮ್ರದ ತಂತಿ ಧಾರಾಳ ಸಾಕು, ಕುಸಿತ 0.15 ವೋಲ್ಟ್ ಕೂಡ ದಾಟದು. ಲಗ್‌ಗಳನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಅದುಮಿ ಕೂರಿಸಿ) ಮೇಲೆ ಅಂಟು ಇರುವ, ಬಿಸಿಗೆ ಕುಗ್ಗಿ ಬಿಗಿಯುವ ಶ್ರಿಂಕ್ ಕೊಳವೆ ಹಾಕಿಸಿ. ಬರೀ ಟೇಪ್ ಬೇಡ. ಇನ್ವರ್ಟರಿನ ದಪ್ಪ ತಂತಿಗಳನ್ನೂ ಬಿಚ್ಚಿ ಬಣ್ಣ ಕೆರೆದು ಮತ್ತೆ ಕೂರಿಸಿ, ಇಲ್ಲದಿದ್ದರೆ ಆ ಬೋಲ್ಟ್ ಮುಂದೊಂದು ದಿನ ಬಿಸಿಯಾಗಿ ಬೇರೆ ತಲೆನೋವು ತರುತ್ತದೆ.

ಇಷ್ಟಾದ ಮೇಲೂ ಮಿಕ್ಸಿ ಹಾಕಿದಾಗ ಬ್ಯಾಟರಿಯ ತುದಿಯಲ್ಲೇ ವೋಲ್ಟೇಜ್ 10ರ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ತಂತಿಯ ತಪ್ಪಲ್ಲ. ಬ್ಯಾಟರಿ ಬದಲಿಸಬಹುದು, ಅಥವಾ ಈ ಸರ್ಕ್ಯೂಟಿಗೆ ಮಾತ್ರ 12 ವೋಲ್ಟ್ 7 ಆಂಪಿಯರ್-ಅವರ್‌ನ ಪುಟ್ಟ ಬ್ಯಾಟರಿ ಇಡಬಹುದು. ಅದು ನಾಲ್ಕೈದು ಗಂಟೆಗಿಂತ ಹೆಚ್ಚು ಬರುವುದಿಲ್ಲ, ದಿನವೂ ಚಾರ್ಜ್ ಮಾಡಲು ಮರೆತರೆ ವ್ಯಾಪಾರದ ನಡುವೆ ಒಲೆ ಆರುತ್ತದೆ ಎಂಬುದೇ ಅದರ ಕೊರತೆ. ವೋಲ್ಟೇಜ್ ಸ್ಥಿರಗೊಳಿಸುವ ಡಿಸಿ ಕನ್ವರ್ಟರ್ ಹಾಕಿ ಎಂದು ಅಂಗಡಿಯವರು ಹೇಳಬಹುದು. ಕೆಲಸ ಮಾಡುತ್ತದೆ, ಆದರೆ ತುಕ್ಕು ಹಿಡಿದ ಜೋಡಣೆಯನ್ನು ಮುಚ್ಚಿಟ್ಟುಬಿಡುತ್ತದೆ, ಹಾಗಾಗಿ ನನಗೆ ಅದು ಕೊನೆಯ ಆಯ್ಕೆ.

ದೊಡ್ಡ ಫ್ಯೂಸ್ ಬೇಡವೇ ಬೇಡ. ನಿಮ್ಮ ಫ್ಯೂಸ್ ಹಾರುತ್ತಲೇ ಇಲ್ಲ. ಹಾರದ ಫ್ಯೂಸನ್ನು ದೊಡ್ಡದು ಮಾಡಿದರೆ ಈ ದೋಷಕ್ಕೆ ಏನೂ ಆಗುವುದಿಲ್ಲ, ಮುಂದೆ ತಂತಿ ಎಲ್ಲಾದರೂ ಕೂಡಿಕೊಂಡರೆ ಫ್ಯೂಸಿನ ಬದಲು ತಂತಿ ಉರಿಯುತ್ತದೆ.

ಡೈರೆಕ್ಟ್ ಮಾಡುವುದರಲ್ಲಿ ಎರಡು ಬಗೆಯಿದೆ, ಮೆಕ್ಯಾನಿಕ್ ಹೇಳಿದ್ದು ಯಾವುದು ಎಂದು ಕೇಳಿ. ವಾಲ್ವನ್ನು ಪೂರ್ತಿ ತೆಗೆದು ಸರಿಯಾದ ಹೋಸ್ ಹಾಕಿ ಸಿಲಿಂಡರನ್ನೇ ಕೈಯಿಂದ ಮುಚ್ಚಿ ತೆರೆಯುವುದು ಒಂದು. ನಮ್ಮೆಲ್ಲರ ಮನೆ ಅಡುಗೆಕೋಣೆಯಲ್ಲಿ ಇರುವುದು ಅದೇ, ಆದರೆ ಅಲ್ಲಿ ಸಿಲಿಂಡರ್ ಕೈಗೆಟುಕುತ್ತದೆ, ನಿಮ್ಮಲ್ಲಿ ಇಳಿದು ಹಿಂದಕ್ಕೆ ಓಡಬೇಕು. ಇನ್ನೊಂದು, ಡಿಟೆಕ್ಟರನ್ನು ತಪ್ಪಿಸಿ ವಾಲ್ವಿಗೆ ಸದಾ ಕರೆಂಟ್ ಕೊಟ್ಟುಬಿಡುವುದು. ಇದು ಕೆಟ್ಟದ್ದು. ಡಿಟೆಕ್ಟರ್ ಕೂಗುತ್ತಿರುತ್ತದೆ, ಗ್ಯಾಸ್ ಬರುತ್ತಲೇ ಇರುತ್ತದೆ, ನೀವು ವಾಲ್ವ್ ಮುಚ್ಚಿದೆ ಎಂದುಕೊಂಡಿರುತ್ತೀರಿ.

ತಂತಿ ಕೆಲಸ ಮುಗಿದ ಮೇಲೆ ರಾತ್ರಿ ಅಂಗಡಿ ಮುಚ್ಚುವ ಕ್ರಮವನ್ನು ಬದಲಿಸಿ. ಒಲೆ ಉರಿಯುತ್ತಿರುವಾಗಲೇ ವಾಲ್ವ್ ಸ್ವಿಚ್ ಆಫ್ ಮಾಡಿ, ಪೈಪಿನಲ್ಲಿ ಉಳಿದ ಗ್ಯಾಸ್ ಉರಿದು ಕೆಲವೇ ಸೆಕೆಂಡುಗಳಲ್ಲಿ ಉರಿ ಆರಬೇಕು. ಆಮೇಲೆ ನಾಬ್, ಕೊನೆಗೆ ಸಿಲಿಂಡರ್. ಆರದೆ ಸಣ್ಣ ನೀಲಿ ಉರಿ ಹಾಗೇ ಉಳಿದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಒಳಗೆ ಕಸ ಸಿಕ್ಕಿದೆ ಅಥವಾ ರಬ್ಬರ್ ಹೋಗಿದೆ. ಆಗ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದಂತೆ ವಾಲ್ವ್ ಬದಲಿಸಿ.

ಗಾಡಿ ನಿಲ್ಲಿಸಬೇಕೇ ಎಂದು ಕೇಳಿದಿರಿ. ಸೋಪಿನ ಪರೀಕ್ಷೆಯನ್ನು ನಾಳೆ ಬೆಳಗ್ಗೆಯೇ ಮಾಡಿ, ಅದು ಮುಗಿಯುವ ತನಕ ಒಲೆ ಹಚ್ಚಬೇಡಿ. ಎಲ್ಲಿಯೂ ಗುಳ್ಳೆ ಕಾಣದಿದ್ದರೆ ನಿಲ್ಲಿಸುವ ಅಗತ್ಯವಿಲ್ಲ. ತಂತಿ ಕೆಲಸ ಆಗುವ ತನಕ ಚಟ್ನಿಯನ್ನು ಮನೆಯಲ್ಲೇ ರುಬ್ಬಿ ತನ್ನಿ, ಒಲೆ ಉರಿಯುವಾಗ ಇನ್ವರ್ಟರ್ ಹಾಕಬೇಡಿ, ಮಳೆ ಬಂದರೂ ಶಟರಿನ ಎದುರು ಬದಿಯ ಬಾಗಿಲು ತೆರೆದಿರಲಿ. ಡಿಟೆಕ್ಟರ್ ಮತ್ತೆ ಕೂಗಿದರೆ ಆ ದಿನದ ವ್ಯಾಪಾರ ಅಲ್ಲಿಗೇ ಮುಗಿಸಿ.